ಶಿವಮೊಗ್ಗದಿಂದ ಮೆಲ್ಬರ್ನ್‌ಗೆ ಬರುವವರಿಗೆ: ಮನೆ ಖರ್ಚಿನ ಲೆಕ್ಕ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಮೆಲ್ಬರ್ನ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇಷ್ಟು ಸಂಬಳ ಅಂದಿದ್ದಾರೆ, ಸಾಕಾಗುತ್ತಾ?’ ಇಂಟರ್ನೆಟ್ಟಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ಯಾವುದು ಎಷ್ಟು ಪಟ್ಟು ದುಬಾರಿ ಅಂತ ಹೇಳುವ ಲೆಕ್ಕಗಳನ್ನು ಎಲ್ಲರೂ ನೋಡಿಕೊಂಡೇ ಬಂದಿರುತ್ತಾರೆ. ಆ ಲೆಕ್ಕ ನಮ್ಮ ಕಡೆಯವರಿಗೆ ಸರಿಹೊಂದುವುದಿಲ್ಲ. ಅದಕ್ಕೆ ಬಾಡಿಗೆ ಗೊತ್ತು, ಹಾಲಿನ ದರ ಗೊತ್ತು. ಹೊಸನಗರದ ಮನೆಯಿಂದ ಬಸ್ಸಿನಲ್ಲಿ ಬಂದಿಳಿಯುವ ಅಕ್ಕಿ ಮೂಟೆ ಗೊತ್ತಿಲ್ಲ.

ನನ್ನ ತಮ್ಮನ ಮನೆಯನ್ನೇ ನೋಡಿ. ಶಿವಮೊಗ್ಗದ ಗೋಪಾಳದಲ್ಲಿ ಸ್ವಂತ ಮನೆ, ಬಾಡಿಗೆ ಇಲ್ಲ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಕಾಳುಮೆಣಸು, ಜೋನಿಬೆಲ್ಲ ಎಲ್ಲ ಊರಿನಿಂದ. ಬೆಳಿಗ್ಗೆ ಹಾಲು ಗೇಟಿಗೆ ಬರುತ್ತದೆ, ಹೂವೂ ಬರುತ್ತದೆ. ಪಾತ್ರೆ ತೊಳೆದು ನೆಲ ಒರೆಸಲು ಒಬ್ಬರು ಬರುತ್ತಾರೆ. ಇಸ್ತ್ರಿ ಬಟ್ಟೆ ಮೂಲೆಯ ಅಂಗಡಿಗೆ ಹೋಗುತ್ತದೆ. ನಲ್ಲಿ ಸೋರಿದರೆ ಒಂದು ಫೋನ್ ಸಾಕು. ಮಗು ಶಾಲೆಯಿಂದ ಆಟೋದಲ್ಲಿ ಬರುತ್ತದೆ, ಬಂದ ಮೇಲೆ ಅಜ್ಜಿ ಇದ್ದಾರೆ. ಅವನ ಹೆಂಡತಿ ಭದ್ರಾವತಿಗೆ ಕೆಲಸಕ್ಕೆ ಹೋಗುವ ಸರ್ಕಾರಿ ಬಸ್ಸಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ಇದ್ಯಾವುದೂ ಅವನ ಸಂಬಳದ ಚೀಟಿಯಲ್ಲಿ ಇಲ್ಲ. ಆದರೆ ಇದೂ ಸಂಪಾದನೆಯೇ ಅಲ್ವಾ?

ಹಾಗಾಗಿ ಹೊರಡುವ ಮುಂಚೆ ಒಂದು ಭಾನುವಾರ ಕೂತು, ಖರ್ಚಿನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯಿರಿ. ನಿಮ್ಮ ಮನೆಗೆ ಬಂದು ಕೆಲಸ ಮಾಡಿಕೊಡುವ ಕೈಗಳು ಎಷ್ಟು? ದುಡ್ಡಿಲ್ಲದೆ ಬರುವ ಸಾಮಾನು ಏನೇನು? ಈ ಎರಡನೇ ಪಟ್ಟಿ ಉದ್ದವಾದಷ್ಟೂ ಇಲ್ಲಿ ನಿಮಗೆ ಜಾಸ್ತಿ ಸಂಬಳ ಬೇಕು.

ಯಾಕೆಂದರೆ ಮೆಲ್ಬರ್ನ್‌ನಲ್ಲಿ ಸಾಮಾನು ಅಂಥಾ ದುಬಾರಿ ಏನಲ್ಲ. ಹಾಲು ಲೀಟರಿಗೆ ಒಂದೂವರೆ ಡಾಲರ್ ಆಸುಪಾಸು. ಮಂಚ, ಸೋಫಾ, ಫ್ರಿಜ್ಜು ಸೆಕೆಂಡ್‌ ಹ್ಯಾಂಡ್‌ನಲ್ಲಿ ಚೆನ್ನಾಗಿರುವುದೇ ಸಿಗುತ್ತವೆ. ದುಬಾರಿ ಇರುವುದು ಮನುಷ್ಯರ ಸಮಯ. 2025ರ ಜುಲೈಯಲ್ಲಿ ಆಸ್ಟ್ರೇಲಿಯಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯಿತು. ಪ್ಲಂಬರ್ ಬಾಗಿಲಿಗೆ ಬಂದರೇ ನೂರು ಡಾಲರ್ ದಾಟುತ್ತದೆ. ದುಡಿಯುವವರಿಗೆ ಇಷ್ಟು ಕೂಲಿ ಸಿಗುವುದು ನ್ಯಾಯ ಅಂತಲೇ ನಾನು ನಂಬಿದ್ದೇನೆ. ಆದರೆ ಊರಿನಲ್ಲಿ ನಾಲ್ಕೈದು ಜನ ಮಾಡುತ್ತಿದ್ದ ಕೆಲಸ ಇಲ್ಲಿ ಗಂಡ ಹೆಂಡತಿ ಇಬ್ಬರ ಮೇಲೆ ಬೀಳುತ್ತದೆ. ಗಂಡಸರು ಅಡುಗೆಮನೆಗೆ ಕಾಲಿಡದ ಸಂಸಾರ ಇಲ್ಲಿ ಬೇಗ ಸೋಲುತ್ತದೆ. ಇದನ್ನು ವಿಮಾನ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಈಗ ಸಂಬಳ. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 1,20,000 ಡಾಲರ್ ಅಂತ ಇದ್ದರೆ ಮನೆಯವರು ರೂಪಾಯಿಗೆ ಗುಣಿಸಿ, ಅರವತ್ತೈದು ಲಕ್ಷ ದಾಟಿತು ಅಂತ ಹಿಗ್ಗುತ್ತಾರೆ. ಮೊದಲು ಕೇಳಬೇಕಾದ್ದು ಬೇರೆ: ಅದರಲ್ಲಿ ‘ಸೂಪರ್’ ಸೇರಿದೆಯಾ? ಸೂಪರ್ ಅಂದರೆ ಇಲ್ಲಿಯ ನಿವೃತ್ತಿ ನಿಧಿ, ನಮ್ಮ ಪಿಎಫ್ ಥರ. 2025ರ ಜುಲೈಯಿಂದ ಅದು ಸಂಬಳದ ಶೇ. 12. ಸೇರಿದೆ ಅಂದರೆ ನಿಮ್ಮ ನಿಜವಾದ ಸಂಬಳ 1,07,000ದ ಹತ್ತಿರ. ಅದರಲ್ಲಿ ಮೊದಲ 18,200ಕ್ಕೆ ತೆರಿಗೆ ಇಲ್ಲ, ಅಲ್ಲಿಂದ 45,000ದವರೆಗೆ 2025-26ರ ದರದಲ್ಲಿ ಶೇ. 16, ಮೇಲಿನದಕ್ಕೆ ಶೇ. 30. ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ ಏಳು ಸಾವಿರ ಡಾಲರ್ ಆಸುಪಾಸು. ತಾತ್ಕಾಲಿಕ ವೀಸಾದಲ್ಲಿ ಬಂದು ದೇಶ ಬಿಟ್ಟು ಹೋಗುವವರು ಸೂಪರ್ ವಾಪಸ್ ಪಡೆಯಬಹುದು. ಸಾಮಾನ್ಯವಾಗಿ ಅದರಲ್ಲಿ ಶೇ. 35 ತೆರಿಗೆ ಹಿಡಿಯುತ್ತಾರೆ.

ಬಾಡಿಗೆಯನ್ನು ಇಲ್ಲಿ ವಾರದ ಲೆಕ್ಕದಲ್ಲಿ ಹೇಳುತ್ತಾರೆ. ಸಾಧಾರಣ ಮನೆಗೆ ವಾರಕ್ಕೆ 550 ಅಂದುಕೊಳ್ಳಿ. ನಾಲ್ಕರಿಂದ ಗುಣಿಸಿದರೆ 2,200 ಬರುತ್ತದೆ, ಅದು ತಪ್ಪು ಲೆಕ್ಕ. ವರ್ಷಕ್ಕೆ 52 ವಾರ, ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 2,383. ಅಂದರೆ ಕೈಗೆ ಬಂದ ಏಳು ಸಾವಿರದಲ್ಲಿ ಮೂರನೇ ಒಂದು ಭಾಗ ಅಲ್ಲಿಗೇ ಹೋಯಿತು. ಬಾಡಿಗೆ ವಾರಕ್ಕೆ 900 ಡಾಲರ್ ಮೀರದಿದ್ದರೆ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಆ ಹಣ ಮಾಲೀಕರ ಜೇಬಿಗೆ ಹೋಗುವುದಿಲ್ಲ, ಸರ್ಕಾರದ ಬಾಂಡ್ ಪ್ರಾಧಿಕಾರದಲ್ಲಿ ಇರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆಗಿದ್ದು ಅಡ್ವಾನ್ಸ್‌ಗಾಗಿ ಓಡಾಡಿದವರಿಗೆ ಇದು ದೊಡ್ಡ ಸಮಾಧಾನ.

ಮನೆಗೆ ಹೋದ ದಿನವೇ ಒಂದು ಕೆಲಸ ಮಾಡಿ. ಏಜೆಂಟ್ ‘ಕಂಡಿಷನ್ ರಿಪೋರ್ಟ್’ ಕೊಡುತ್ತಾರೆ. ಅದನ್ನು ತುಂಬಿ ಐದು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಫೋನಿನ ಟಾರ್ಚ್ ಹಾಕಿಕೊಂಡು ಮನೆಯೆಲ್ಲ ಸುತ್ತಿ. ಓವನ್‌ನ ಬಾಗಿಲು ತೆಗೆದು ಒಳಗಿನ ಕಂಬಿಗಳ ಫೋಟೊ ತೆಗೆಯಿರಿ. ಬಚ್ಚಲಿನ ಟೈಲ್ಸ್ ಸಂದಿಯ ಕಪ್ಪು, ಕಾರ್ಪೆಟ್ ಮೇಲಿನ ಕಲೆ, ಕಿಟಕಿ ಹಳಿಯ ಧೂಳು, ಗೋಡೆಯ ಗೀರು, ಒಲೆಯ ಮೇಲಿನ ಎಕ್ಸಾಸ್ಟ್ ಜಾಲರಿಯ ಜಿಡ್ಡು, ಎಲ್ಲವನ್ನೂ ಬರೆಯಿರಿ, ಎಲ್ಲದಕ್ಕೂ ಫೋಟೊ ಇರಲಿ. ಮನೆ ಬಿಡುವ ದಿನ ಏಜೆಂಟ್ ನೋಡುವುದು ಇವೇ ಜಾಗಗಳನ್ನು. ನಾವು ದಿನಾ ಒಗ್ಗರಣೆ ಹಾಕುವವರು, ಹಪ್ಪಳ ಕರಿಯುವವರು. ಎಕ್ಸಾಸ್ಟ್ ಜಾಲರಿಯನ್ನು ತಿಂಗಳಿಗೊಮ್ಮೆ ಬಿಸಿನೀರಿನಲ್ಲಿ ನೆನೆಹಾಕಿ ತಿಕ್ಕಿಬಿಟ್ಟರೆ ಕೊನೆಗೆ ಕ್ಲೀನಿಂಗ್‌ನವರಿಗೆ ನೂರಾರು ಡಾಲರ್ ಕೊಡುವುದು ತಪ್ಪುತ್ತದೆ.

ಚಿಕ್ಕ ಮಗು ಇರುವವರು ಈ ಭಾಗವನ್ನು ಎರಡು ಸಲ ಓದಿ. ಇಲ್ಲಿ ಚೈಲ್ಡ್‌ಕೇರ್ ದಿನಕ್ಕೆ 130ರಿಂದ 180 ಡಾಲರ್. ವಾರಕ್ಕೆ ಐದು ದಿನ ಬಿಟ್ಟರೆ 750 ಡಾಲರ್ ಆಯಿತು, ಮನೆ ಬಾಡಿಗೆಗಿಂತ ಜಾಸ್ತಿ. ಸರ್ಕಾರದ ಸಬ್ಸಿಡಿ ಇದೆ, ಆದರೆ ಕೆಲಸದ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಮೂರು ತುಂಬಿದ ಮೇಲೆ ವಿಕ್ಟೋರಿಯಾ ರಾಜ್ಯದಲ್ಲಿ 2023ರಿಂದ ಉಚಿತ ಕಿಂಡರ್ (ಶಾಲೆಗೆ ಮುಂಚಿನ ಶಿಶುವಿಹಾರ) ಇದೆ, ಆದರೆ ಅದು ವಾರಕ್ಕೆ ಕೆಲವೇ ಗಂಟೆ. ಹಾಗಾಗಿ ಒಬ್ಬರ ಸಂಬಳದಲ್ಲಿ ಎರಡು ವರ್ಷದ ಮಗುವಿನ ಜೊತೆ ಬರುವವರು, ಹೆಂಡತಿಯೂ ಬಂದ ಕೂಡಲೇ ಕೆಲಸಕ್ಕೆ ಸೇರುತ್ತಾಳೆ ಅಂತ ಲೆಕ್ಕ ಹಾಕಿಕೊಂಡು ಬರಬೇಡಿ. ಸೇರಿದರೂ ಮೊದಲ ಕೆಲವು ವರ್ಷ ಅವರ ಸಂಬಳದಲ್ಲಿ ದೊಡ್ಡ ಪಾಲು ಡೇಕೇರ್‌ಗೇ ಹೋಗುತ್ತದೆ. ಅಪ್ಪ ಅಮ್ಮನನ್ನು ಕರೆಸಿಕೊಂಡು ಕೆಲವು ತಿಂಗಳು ದಾಟಿಸುವವರು ಬಹಳ ಜನ. ಹಿರಿಯರಿಗೆ ಇಲ್ಲಿ ಹಗಲು ಉದ್ದ. ಶಿವಮೊಗ್ಗದಲ್ಲಿ ಸಂಜೆ ಗಾಂಧಿಬಜಾರಿಗೆ ಹೋಗಿ ಹತ್ತು ಜನರನ್ನು ಮಾತಾಡಿಸಿ ಬರುವ ಜೀವ ಇಲ್ಲಿ ಖಾಲಿ ಬೀದಿ ನೋಡುತ್ತಾ ಕೂರುತ್ತದೆ. ಅವರನ್ನು ಕರೆಸುವುದಾದರೆ ಟ್ರಾಮಿಗೋ ರೈಲಿಗೋ ನಡೆದೇ ಹೋಗುವಂಥ ಜಾಗದಲ್ಲಿ ಮನೆ ಮಾಡಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಓಡಾಟದ ವಿಷಯದಲ್ಲಿ ಮೆಲ್ಬರ್ನ್ ಧಾರಾಳಿ. ರೈಲು, ಟ್ರಾಮ್, ಬಸ್ಸು ಮೂರಕ್ಕೂ ‘ಮೈಕಿ’ ಅನ್ನುವ ಒಂದೇ ಕಾರ್ಡು. 2025ರಲ್ಲಿ ದಿನಕ್ಕೆ ಎಷ್ಟೇ ಓಡಾಡಿದರೂ 11 ಡಾಲರ್ ಮೀರುತ್ತಿರಲಿಲ್ಲ. 2026ರ ಜನವರಿಯಲ್ಲಿ ಸ್ವಲ್ಪ ಏರಿತು. 2023ರ ಮಾರ್ಚ್ ಕೊನೆಯಿಂದ ಇದೇ ಮಿತಿ ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ, ದೂರದ ಬಲ್ಲಾರಾಟ್, ಬೆಂಡಿಗೊ ಊರುಗಳ ತನಕ ಅದೇ ದುಡ್ಡಿನಲ್ಲಿ ಹೋಗಿ ಬರಬಹುದು. ನಗರದ ನಡುಭಾಗದಲ್ಲಿ ಟ್ರಾಮ್ ಪೂರ್ತಿ ಉಚಿತ. 2026ರ ಜನವರಿಯಿಂದ 18ರೊಳಗಿನ ಮಕ್ಕಳಿಗೆ ರೈಲು, ಟ್ರಾಮ್, ಬಸ್ಸು ಮೂರೂ ಉಚಿತ. ಆದರೆ ನಮ್ಮವರು ಜಾಸ್ತಿ ಇರುವ ಹೊರವಲಯದ ಟಾರ್ನೀಟ್, ಪಾಯಿಂಟ್ ಕುಕ್, ಕ್ಲೈಡ್ ಕಡೆ ಕಾರಿಲ್ಲದೆ ಸಂಸಾರ ಕಷ್ಟ. ಕಾರಿನ ನೋಂದಣಿಯನ್ನು ಪ್ರತಿ ವರ್ಷ ಕಟ್ಟಬೇಕು, ಅದಕ್ಕೇ 900 ಡಾಲರ್ ಆಸುಪಾಸು, ವಿಮೆ ಬೇರೆ. ನಮ್ಮ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ. ಆಮೇಲೆ ಪರೀಕ್ಷೆ ಪಾಸಾಗಿ ಇಲ್ಲಿಯದು ಪಡೆಯಬೇಕು. ರಸ್ತೆಯ ಎಡಬದಿ ಅನ್ನುವುದೊಂದೇ ಎರಡೂ ಊರಿಗೆ ಸಮ. ಆಗುಂಬೆ ಘಾಟಿ ಇಳಿಸಿದವರೂ ಇಲ್ಲಿ ನಾಲ್ಕು ಕ್ಲಾಸ್ ತೆಗೆದುಕೊಳ್ಳುವುದು ಒಳ್ಳೆಯದು.

ಊಟದ ಬಗ್ಗೆ ಚಿಂತೆ ಬೇಡ. ಸೋನಾ ಮಸೂರಿ, ತೊಗರಿಬೇಳೆ, ಫ್ರೀಜ್ ಮಾಡಿದ ಕಾಯಿತುರಿ ಎಲ್ಲ ಸಿಗುತ್ತವೆ. ಕಳಲೆ ಮತ್ತು ಎಳೆ ಹಲಸು ಡಬ್ಬಿಯಲ್ಲಿ ಬರುತ್ತವೆ, ರುಚಿ ಮಾತ್ರ ಊರಿನದಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ತರುವವರು ಚೆನ್ನಾಗಿ ಸೀಲ್ ಮಾಡಿಸಿ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಇದೆ ಅಂತ ಬರೆದೇ ಬರೆಯಿರಿ. ಬರೆದರೆ ಬೇಡದ್ದನ್ನು ಎತ್ತಿಟ್ಟುಕೊಂಡು ಕಳಿಸುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ. ಬೀಜ, ಗಿಡ, ಹಸಿ ಹಣ್ಣು ತರಲೇಬೇಡಿ.

ಆಸ್ಪತ್ರೆ ಖರ್ಚಿಗೆ ಕಾಯಂ ನಿವಾಸಿಗಳಿಗೆ ಮೆಡಿಕೇರ್ ಇದೆ. ತಾತ್ಕಾಲಿಕ ಕೆಲಸದ ವೀಸಾದ ಭಾರತೀಯರಿಗೆ ಸಾಮಾನ್ಯವಾಗಿ ಇಲ್ಲ, ಖಾಸಗಿ ವಿಮೆ ಮಾಡಿಸಬೇಕು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಕರ್ನಾಟಕದಲ್ಲಿ 108ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ. ಇಲ್ಲಿ ಆಂಬುಲೆನ್ಸ್‌ಗೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ, ಒಂದು ಸಲಕ್ಕೇ ಸಾವಿರ ಡಾಲರ್ ದಾಟುತ್ತದೆ. ವಿಮೆಯಲ್ಲಿ ಸೇರಿದೆಯಾ ನೋಡಿ, ಇಲ್ಲದಿದ್ದರೆ ಆಂಬುಲೆನ್ಸ್ ವಿಕ್ಟೋರಿಯಾದ ಸದಸ್ಯತ್ವ ಬಂದ ವಾರವೇ ಮಾಡಿಸಿ. ಹಲ್ಲಿನ ಕೆಲಸ, ಕನ್ನಡಕ ಶಿವಮೊಗ್ಗದಲ್ಲೇ ಮುಗಿಸಿಕೊಂಡು ಬನ್ನಿ.

ಹವೆಯ ಬಗ್ಗೆ ಮಲೆನಾಡಿನವರು ಧೈರ್ಯವಾಗಿ ಬರುತ್ತಾರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರುವ ಆಗುಂಬೆಯ ಮಳೆ ಕಂಡವರಿಗೆ ಮೆಲ್ಬರ್ನ್‌ನ ಆರುನೂರು ಚಿಲ್ಲರೆ ಮಳೆ ಲೆಕ್ಕವೇ ಅಲ್ಲ. ಕಾಡುವುದು ಜೂನ್‌ನಿಂದ ಆಗಸ್ಟ್ ತನಕದ ಚಳಿ. ಹಳೆ ಮನೆಗಳ ಗೋಡೆ, ಕಿಟಕಿ ತೆಳು, ಮನೆಯೊಳಗೇ ನಡುಕ ಬರುತ್ತದೆ. ಗ್ಯಾಸು, ಕರೆಂಟಿನ ಬಿಲ್ಲು ಆಗ ಏರುತ್ತದೆ. ಊರಲ್ಲಿ ಗೃಹಜ್ಯೋತಿಯಿಂದ ಬಿಲ್ಲು ಮರೆತವರಿಗೆ ಇದು ದೊಡ್ಡ ಹೊಡೆತ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹುಲ್ಲಿನ ಪರಾಗದ ಕಾಲ. 2016ರ ನವೆಂಬರ್ 21ರಂದು ಗುಡುಗು ಮಳೆ ಬಂದಾಗ ಆ ಪರಾಗದಿಂದ ಆಸ್ತಮಾ ಕೆರಳಿ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಊರಲ್ಲಿ ಎಂದೂ ಉಬ್ಬಸ ಕಾಣದವರಿಗೂ ಇಲ್ಲಿ ಬರಬಹುದು. ಸೀನು, ಕಣ್ಣು ತುರಿಕೆ ಶುರುವಾದರೆ ವೈದ್ಯರಿಗೆ ತೋರಿಸಿ. ಎಚ್ಚರಿಕೆ ಕೊಟ್ಟ ದಿನ ಕಿಟಕಿ ಹಾಕಿಕೊಂಡು ಒಳಗಿರಿ.

ಊರಿಗೆ ಹೋಗಿ ಬರುವ ಖರ್ಚನ್ನು ವರ್ಷದ ಲೆಕ್ಕದಲ್ಲಿ ಮೊದಲೇ ಎತ್ತಿಡಿ. ಮಕ್ಕಳಿಗೆ ದೊಡ್ಡ ರಜೆ ಇರುವುದು ಡಿಸೆಂಬರ್ ಕೊನೆ, ಜನವರಿಯಲ್ಲಿ, ಟಿಕೆಟ್ ಅತಿ ದುಬಾರಿಯಾದ ಕಾಲ. ಆಗ ಊರಲ್ಲಿ ಅಡಿಕೆ ಕೊಯ್ಲು, ಎಲ್ಲರೂ ಸುಲಿಯುವುದು, ಬೇಯಿಸುವುದರಲ್ಲಿ ಮುಳುಗಿರುತ್ತಾರೆ. ಮಕ್ಕಳಿಗೆ ಅದು ಹಬ್ಬವೇ. ಆದರೆ ಮಾವು ಹಲಸಿನ ಕಾಲದಲ್ಲಿ ಊರಲ್ಲಿರಬೇಕು ಅಂದರೆ ಏಪ್ರಿಲ್‌ನ ಎರಡು ವಾರದ ರಜೆಯೇ ಗತಿ. ಅಜ್ಜಿ ತಾತ ಇನ್ನೂ ಓಡಾಡಿಕೊಂಡಿರುವಾಗ ಎರಡು ವರ್ಷಕ್ಕೊಮ್ಮೆಯಾದರೂ ಹೋಗಿ. ಸೋಫಾ ಹಳೆಯದಾದರೂ ನಡೆಯುತ್ತದೆ.

ತೋಟ ಇರುವವರಿಗೆ ಕೊನೆಯದಾಗಿ ಎರಡು ಮಾತು. ನೀವು ಅನಿವಾಸಿ ಆದ ಮೇಲೆ ಭಾರತದಲ್ಲಿ ಕೃಷಿ ಜಮೀನು, ತೋಟ ಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾನೂನು ಬಿಡುವುದಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಪಕ್ಕದ ತೋಟ ಕೊಳ್ಳುವ ಮಾತುಕತೆ ನಡೆದಿದ್ದರೆ ಹೊರಡುವ ಮೊದಲೇ ಮುಗಿಸಿ. ಬ್ಯಾಂಕಿನ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಿಸಿ. ಇನ್ನು ಅಡಿಕೆ ಆದಾಯಕ್ಕೆ ಅಲ್ಲಿ ಆದಾಯ ತೆರಿಗೆ ಇಲ್ಲ, ಆದರೆ ಆಸ್ಟ್ರೇಲಿಯಾ ತನ್ನ ನಿವಾಸಿಗಳ ಎಲ್ಲ ದೇಶದ ಆದಾಯಕ್ಕೂ ತೆರಿಗೆ ಹಾಕುತ್ತದೆ. ತಾತ್ಕಾಲಿಕ ವೀಸಾದವರಿಗೆ ಹೊರದೇಶದ ಹೆಚ್ಚಿನ ಆದಾಯಕ್ಕೆ ವಿನಾಯಿತಿ ಇದೆ, ಪಿಆರ್ (ಕಾಯಂ ನಿವಾಸದ ಅನುಮತಿ) ಸಿಕ್ಕ ಮೇಲೆ ಇಲ್ಲ. ತೋಟ ನಿಮ್ಮ ಹೆಸರಿನಲ್ಲಿದ್ದರೆ ಪಿಆರ್ ಬಂದ ವರ್ಷವೇ ಒಬ್ಬ ಒಳ್ಳೆಯ ತೆರಿಗೆ ಲೆಕ್ಕಿಗರನ್ನು ಕಂಡು, ಪಹಣಿ ಮತ್ತು ಮಂಡಿಯ ಪಟ್ಟಿ ಎರಡನ್ನೂ ತೋರಿಸಿ.