ಆಷಾಢದ ಮಧ್ಯಾಹ್ನಕ್ಕೂ ಸಾಲುವ ಬೆಳಕು: ಮನೆಯ ಕಾರ್ಯಾಗಾರಕ್ಕೆ ದೀಪ ಜೋಡಿಸುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಅಡಿಕೆ ಸುಲಿಯಲೆಂದು ಕಟ್ಟಿಸಿದ ಉದ್ದನೆಯ ಕಟ್ಟಡವೋ, ಒಂದು ಕಾಲದಲ್ಲಿ ಭತ್ತ ತುಂಬಿಡುತ್ತಿದ್ದ ಕೋಣೆಯೋ ಮರಗೆಲಸದ ಜಾಗವಾಗಿ ಬದಲಾಗುವುದುಂಟು. ಹೀಗೆ ಕಾರ್ಯಾಗಾರ ಮಾಡಿಕೊಳ್ಳುವವರು ಮರವನ್ನು ತಿರುಗಿಸಿ ಕಡೆಯುವ ಲೇಥ್, ಡ್ರಿಲ್, ಮರ ಕೊಯ್ಯುವ ಮೆಷಿನ್‌ಗಳನ್ನು ನಾಲ್ಕಾರು ಕಡೆ ವಿಚಾರಿಸಿ ಕೊಳ್ಳುತ್ತಾರೆ. ಬೆಳಕಿನ ಮಾತು ಬಂದಾಗ ಮಾತ್ರ ಎರಡು ಟ್ಯೂಬ್‌ಲೈಟ್ ಹಾಕಿದರೆ ಸಾಕು ಎಂದು ಮುಗಿಸಿಬಿಡುತ್ತಾರೆ. ಮಾರ್ಚ್ ತಿಂಗಳಲ್ಲಿ ಬಾಗಿಲು, ಕಿಟಕಿ ತೆರೆದಿಟ್ಟರೆ ಅದು ಸಾಕೆಂದೇ ಅನಿಸುತ್ತದೆ. ಮಲೆನಾಡಿನಲ್ಲಿ ಬೆಳಕಿನ ಲೆಕ್ಕವನ್ನು ಮಾರ್ಚ್ ನೋಡಿ ಹಾಕಬಾರದು. ಆಷಾಢದ ಮಳೆ ಹಿಡಿದು, ಇರಿಚಲಿಗೆ ಕಿಟಕಿ ಮುಚ್ಚಿ, ಹಗಲು ಹನ್ನೆರಡಕ್ಕೇ ಕೋಣೆಯಲ್ಲಿ ಕತ್ತಲು ಕೂತಿರುವ ದಿನವನ್ನು ನೋಡಿ ಹಾಕಬೇಕು.

ಈ ಲೇಖನದಲ್ಲಿ 20 ಅಡಿ ಅಗಲ, 30 ಅಡಿ ಉದ್ದದ ಹೆಂಚಿನ ಮಾಡಿನ ಕೋಣೆಯೊಂದನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಕೋಣೆಯ ಅಳತೆಗೆ ತಕ್ಕಂತೆ ಅಂಕಿಗಳನ್ನು ಬದಲಿಸಿಕೊಳ್ಳಬಹುದು.

ಮೊದಲು ಕೋಣೆಯನ್ನು ಬೆಳ್ಳಗಾಗಿಸಿ

ದೀಪ ಕೊಳ್ಳುವ ಮೊದಲು ಕೋಣೆಯ ಒಳಗನ್ನು ಒಮ್ಮೆ ನೋಡಿ. ಹೆಂಚಿನ ಕೆಳಮೈ, ಹೊಗೆ ಹಿಡಿದ ಪಕಾಸಿ, ರೀಪು, ಮಣ್ಣುಬಣ್ಣದ ಗೋಡೆ ಇವೆಲ್ಲ ಬೆಳಕನ್ನು ನುಂಗುತ್ತವೆ. ಗೋಡೆಗೆ ಬಿಳಿ ಸುಣ್ಣವನ್ನೋ ಹೊಳಪಿಲ್ಲದ ಬಿಳಿ ಬಣ್ಣವನ್ನೋ ಬಳಿದರೆ ಅಷ್ಟೇ ದೀಪಗಳಿಂದ ಕಣ್ಣಿಗೆ ಕಾಣುವಷ್ಟು ಹೆಚ್ಚು ಬೆಳಕು ಸಿಗುತ್ತದೆ, ನೆರಳೂ ಮೆತ್ತಗಾಗುತ್ತದೆ. ಪಕಾಸಿಯ ಕೆಳಗೆ ಬಿಳಿ ಹಾಳೆಯ ಸೀಲಿಂಗ್ ಹೊಡೆಸುವ ಅನುಕೂಲವಿದ್ದರೆ ಇನ್ನೂ ಒಳ್ಳೆಯದು. ಅದಾಗದಿದ್ದರೆ ಬೆಳಕನ್ನು ಮೇಲಕ್ಕೆ ಬಿಡದೆ ಕೆಳಕ್ಕೆ ತಳ್ಳುವ, ಬಿಳಿ ತಗಡಿನ ಹೊದಿಕೆಯುಳ್ಳ ದೀಪಗಳನ್ನೇ ಆರಿಸಿಕೊಳ್ಳಿ.

ನಮ್ಮ ಹಿರಿಯರು ಮಾಡಿನ ನಡುವೆ ಗಾಜಿನ ಹೆಂಚು ಕೂರಿಸುತ್ತಿದ್ದರು. ಅದು ಇಂದಿಗೂ ಅತ್ಯಂತ ಕಡಿಮೆ ಖರ್ಚಿನ ಬೆಳಕಿಂಡಿ. ಕೆಲಸದ ಮೇಜಿನ ನೇರಕ್ಕೆ ನಾಲ್ಕೈದು ಗಾಜಿನ ಹೆಂಚು ಹಾಕಿಸಿದರೆ ಬೇಸಿಗೆಯಲ್ಲಿ ಹಗಲು ಹೊತ್ತು ದೀಪ ಹಚ್ಚುವ ಪ್ರಮೇಯವೇ ಬಾರದು. ಬಿಸಿಲಿನ ಕೋಲು ಮೆಷಿನ್‌ನ ಹೊಳೆಯುವ ತಗಡಿನ ಮೇಲೆ ಬಿದ್ದು ಕಣ್ಣು ಕೋರೈಸದಂತೆ ಜಾಗ ನೋಡಿ ಕೂರಿಸಿ. ಮಳೆಗಾಲ ನಡುವಿಗೆ ಬರುವಾಗ ಅದರ ಮೇಲೆ ಪಾಚಿ ಕಟ್ಟುತ್ತದೆ ಎಂಬುದನ್ನೂ ಮರೆಯಬೇಡಿ. ದೀಪದ ಲೆಕ್ಕದಲ್ಲಿ ಗಾಜಿನ ಹೆಂಚನ್ನು ಸೇರಿಸಲೇಬಾರದು.

ಎಷ್ಟು ಬೆಳಕು ಬೇಕು

ಅಂಗಡಿಯಲ್ಲಿ ಎಲ್ಲರೂ ವ್ಯಾಟ್ ಕೇಳುತ್ತಾರೆ. ವ್ಯಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತು. ಅದು ಕೊಡುವ ಬೆಳಕಿನ ಅಳತೆಗೆ ಲ್ಯೂಮೆನ್ ಎಂದು ಹೆಸರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಮರಗೆಲಸದ ಕೋಣೆಗೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಬೇಕು. ಗುರುತು ಹಾಕುವ, ಉಳಿ ಹಿಡಿಯುವ, ಪಾಲಿಶ್ ಮಾಡುವ ಜಾಗಕ್ಕೆ 750ರಿಂದ 1000 ಲಕ್ಸ್ ಇದ್ದರೆ ಕಣ್ಣಿಗೆ ಆಯಾಸವಾಗದು. ವಯಸ್ಸಾದಂತೆ ಕಣ್ಣು ಹೆಚ್ಚು ಬೆಳಕು ಬೇಡುತ್ತದೆ. ಆದ್ದರಿಂದ ಐವತ್ತು ದಾಟಿದವರು ಈ ಅಂಕಿಗಳ ಮೇಲಿನ ತುದಿಯನ್ನೇ ಹಿಡಿಯಬೇಕು.

ನಮ್ಮ ಮಾದರಿ ಕೋಣೆಯ ವಿಸ್ತೀರ್ಣ 600 ಚದರ ಅಡಿ, ಅಂದರೆ ಸುಮಾರು 56 ಚದರ ಮೀಟರ್. ಅದಕ್ಕೆ 400 ಲಕ್ಸ್ ಬೇಕೆಂದರೆ 22,400 ಲ್ಯೂಮೆನ್ ಆಗುತ್ತದೆ. ಇಲ್ಲಿಗೆ ಲೆಕ್ಕ ಮುಗಿಸುವವರೇ ಹೆಚ್ಚು, ಅವರೇ ಆಮೇಲೆ ಬೆಳಕು ಸಾಲದು ಎಂದು ಒದ್ದಾಡುವವರು. ದೀಪದಿಂದ ಹೊರಟ ಬೆಳಕೆಲ್ಲ ಮೇಜನ್ನು ಮುಟ್ಟುವುದಿಲ್ಲ. ಒಂದಿಷ್ಟನ್ನು ಗೋಡೆ, ಮಾಡು ಹೀರುತ್ತವೆ, ಒಂದಿಷ್ಟು ಮರದ ಪುಡಿ ಕೂತ ಹೊದಿಕೆಯಲ್ಲೇ ಉಳಿಯುತ್ತದೆ. ಹೀಗಾಗಿ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಹಿಡಿದು, ಬಂದ ಅಂಕಿಯನ್ನು ದುಪ್ಪಟ್ಟು ಮಾಡಿ. ಸುಮಾರು 45,000 ಲ್ಯೂಮೆನ್ ಬೇಕಾಯಿತು. ಒಳ್ಳೆಯ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಉದ್ದನೆಯ ದೀಪ) ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ. ನಾಲ್ಕಡಿ ಉದ್ದದ 40 ವ್ಯಾಟ್‌ನ ಬ್ಯಾಟನ್‌ಗಳಾದರೆ ಹನ್ನೆರಡು ಸಾಕು. ಹನ್ನೆರಡೂ ಸೇರಿ 480 ವ್ಯಾಟ್, ಅಂದರೆ ಒಂದು ಸಣ್ಣ ಮಿಕ್ಸಿಗೆ ಬೇಕಾಗುವಷ್ಟು ವಿದ್ಯುತ್ತು. ಹಳೆಯ ಪಾದರಸದ ಟ್ಯೂಬ್‌ಗಳನ್ನು ಹೊಸದಾಗಿ ಹಾಕಿಸುವ ಆಲೋಚನೆ ಬೇಡ. 2027ರ ಹೊತ್ತಿಗೆ ಅವುಗಳ ತಯಾರಿಕೆಯನ್ನು ನಿಲ್ಲಿಸಬೇಕೆಂದು ಪಾದರಸ ಕುರಿತ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲೇ ತೀರ್ಮಾನಿಸಿವೆ.

ಬೆಳಕಿನ ಬಣ್ಣ

ನಮ್ಮ ಅಂಗಡಿಗಳಲ್ಲಿ ಕೇಳದೇ ಕೈಗಿಡುವುದು 6500 ಕೆಲ್ವಿನ್‌ನ ನೀಲಿಛಾಯೆಯ ಬಿಳಿ ದೀಪ (ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ನೀಲಿಯತ್ತ ಹೋಗುತ್ತದೆ). ಅದರಡಿ ಹಲಸಿನ ಮರದ ಬಂಗಾರದ ಹಳದಿ ಪೇಲವವಾಗಿ ಕಾಣುತ್ತದೆ, ಬೀಟೆಯ ಕೆಂಗಪ್ಪು ಬರೀ ಕಪ್ಪಾಗುತ್ತದೆ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕಿನ ಚಿಪ್, ಅದನ್ನು ಕಂಡುಹಿಡಿದ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದಿತು. ಆ ನೀಲಿಯ ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಎಂಬ ಪುಡಿಯನ್ನು ಲೇಪಿಸಿ ಬಿಳಿ ಬೆಳಕನ್ನು ಪಡೆಯುತ್ತಾರೆ. ಅಗ್ಗದ ದೀಪಗಳಲ್ಲಿ ಹೀಗೆ ಬಂದ ಬೆಳಕಿನಲ್ಲಿ ಕೆಂಪಿನ ಪಾಲು ತೀರ ಕಡಿಮೆ ಇರುವುದರಿಂದಲೇ ಮರದ ಕೆಂಪು ಸಾಯುತ್ತದೆ. ಇಡೀ ಕೋಣೆಗೆ 4000 ಕೆಲ್ವಿನ್‌ನ, ಸಿಆರ್‌ಐ (ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ) 80ಕ್ಕಿಂತ ಮೇಲಿರುವ ಬ್ಯಾಟನ್‌ಗಳನ್ನು ಕೇಳಿ ತರಿಸಿಕೊಳ್ಳಿ. ಪಾಲಿಶ್ ಮಾಡುವ ಮೂಲೆಗೆ ಮಾತ್ರ ಸಿಆರ್‌ಐ 90 ದಾಟಿದ ದೀಪ ಒಂದೆರಡಿದ್ದರೆ, ಹಗಲಿನಲ್ಲಿ ಬಾಗಿಲ ಹೊರಗೆ ತಂದಾಗ ಬಣ್ಣ ಬೇರೆಯಾಯಿತು ಎಂಬ ಬೇಸರ ತಪ್ಪುತ್ತದೆ.

ಮಿನುಗು ಮತ್ತು ತಿರುಗುವ ಯಂತ್ರ

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಹಳೆಯ ಚೋಕ್‌ನ ಟ್ಯೂಬ್, ಕಳಪೆ ಡ್ರೈವರ್ (ದೀಪಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಇರುವ ಎಲ್‌ಇಡಿ ಎರಡೂ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಸುಮ್ಮನೆ ನೋಡಿದರೆ ಇದು ಗೊತ್ತಾಗದು. ಮರವನ್ನು ಕಚ್ಚಿ ಹಿಡಿದು ತಿರುಗುವ, ನಾಲ್ಕು ಹಿಡಿತದ ಚಕ್ ಇರುವ ಲೇಥ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ, ದೀಪ ಬೆಳಗುವ ಪ್ರತಿ ಸಲಕ್ಕೂ ಚಕ್ ಸರಿಯಾಗಿ ಕಾಲು ಸುತ್ತು ಮುಗಿಸಿರುತ್ತದೆ. ಆಗ ಅದು ನಿಂತಂತೆಯೇ ಕಾಣುತ್ತದೆ. 1440 ಸುತ್ತಾದರೆ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ನಿಂತಿದೆ ಎಂದು ಕೈ ಚಾಚಿದವರ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ದೀಪ ಹೊತ್ತಿಸಿ, ಅದರ ಕೆಳಗೆ ಒಂದು ಪೆನ್ಸಿಲನ್ನು ಬೀಸಣಿಗೆಯಂತೆ ಬೇಗಬೇಗ ಆಡಿಸಿ. ಪೆನ್ಸಿಲು ಒಂದೇ ಮಸುಕು ಪಟ್ಟಿಯಾಗಿ ಕಂಡರೆ ದೀಪ ಒಳ್ಳೆಯದು. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲುಗಳು ಕಂಡರೆ ಆ ದೀಪವನ್ನು ತರಬೇಡಿ. ಮೊಬೈಲ್ ಕ್ಯಾಮೆರಾ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದರೂ ಅದೇ ತೀರ್ಮಾನ.

ಎಲ್ಲಿ ತೂಗುಹಾಕಬೇಕು

ನನ್ನ ಮೊದಲ ಕಾರ್ಯಾಗಾರದಲ್ಲಿ ನಾಲ್ಕು ಟ್ಯೂಬ್‌ಗಳನ್ನೂ ನಡುತೊಲೆಗೆ ಒಂದೇ ಸಾಲಾಗಿ ಕಟ್ಟಿಸಿದ್ದೆ. ಕೆಲಸದ ಮೇಜು ಗೋಡೆಗೆ ತಾಗಿ ಇತ್ತು. ಮೇಜಿನೆದುರು ನಿಂತರೆ ಬೆಳಕೆಲ್ಲ ಬೆನ್ನಿಗೆ, ನನ್ನ ನೆರಳು ನೇರವಾಗಿ ಹಲಗೆಗೆ. ಹಲಸಿನ ಹಲಗೆಯ ಮೇಲೆ ಸಣ್ಣಗೆ ಎಳೆದ ಪೆನ್ಸಿಲ್ ಗೀರು ಆ ನೆರಳಿನಲ್ಲಿ ಮುಳುಗಿ, ಗರಗಸ ಗೀರಿನ ಯಾವ ಪಕ್ಕಕ್ಕೆ ಇಳಿಯುತ್ತಿದೆ ಎಂಬುದು ತಿಳಿಯದೆ ಎರಡು ಬಾಗಿಲಿನ ಚೌಕಟ್ಟು ಹಾಳಾದವು. ದೀಪದ ಸಂಖ್ಯೆ ಹೆಚ್ಚಿಸಿದರೂ ತೊಂದರೆ ಹೋಗಲಿಲ್ಲ, ಸಾಲನ್ನು ಸರಿಸಿದ ಮೇಲೆಯೇ ಹೋಯಿತು.

ಮಾದರಿ ಕೋಣೆಯಲ್ಲಿ ಹನ್ನೆರಡು ಬ್ಯಾಟನ್‌ಗಳನ್ನು ಉದ್ದಕ್ಕೆ ನಾಲ್ಕರಂತೆ ಮೂರು ಸಾಲು ಮಾಡಿ. ಅಕ್ಕಪಕ್ಕದ ಗೋಡೆಗಳಿಂದ ಮೂರು ಮೂರೂಕಾಲು ಅಡಿಗೆ ಒಂದೊಂದು ಸಾಲು, ಕೋಣೆಯ ನಡುವೆ ಒಂದು. ನೆಲದಿಂದ ಒಂಬತ್ತು ಅಡಿ ಎತ್ತರ ಸರಿಹೋಗುತ್ತದೆ. ಎರಡು ಸಾಲಿನ ನಡುವಿನ ಅಂತರವು ಮೇಜಿನಿಂದ ದೀಪದವರೆಗಿನ ಎತ್ತರದ ಒಂದೂವರೆ ಪಟ್ಟನ್ನು ಮೀರದಿದ್ದರೆ ನಡುನಡುವೆ ಕತ್ತಲ ಪಟ್ಟಿ ಬೀಳುವುದಿಲ್ಲ. ಗೋಡೆಗೆ ತಾಗಿದ ಮೇಜಿಗೆ ದೀಪದ ಸಾಲು ಮೇಜಿನ ಮುಂದಿನ ಅಂಚಿನ ನೇರಕ್ಕೆ, ಅಂದರೆ ಕೆಲಸಗಾರನ ಹಣೆಗಿಂತ ತುಸು ಮುಂದೆ ಬರಬೇಕು. ಮೇಜಿನ ಅಗಲ ಕಡಿಮೆಯಿದ್ದರೆ ಸಾಲನ್ನೂ ಅಷ್ಟೇ ಗೋಡೆಯ ಕಡೆಗೆ ಸರಿಸಿ.

ಇದರ ಮೇಲೆ ಪ್ರತಿ ಯಂತ್ರಕ್ಕೂ ಬಗ್ಗುವ ಕತ್ತಿನ ಒಂದು ದೀಪ ಬೇಕು. ಬಲಗೈಯವರಿಗೆ ಎಡಗಡೆಯಿಂದ, ಎಡಗೈಯವರಿಗೆ ಬಲಗಡೆಯಿಂದ ಬೆಳಕು ಬಂದರೆ ಉಳಿಯ ಬಾಯಿ ತನ್ನದೇ ನೆರಳಿನಲ್ಲಿ ಮುಚ್ಚಿಹೋಗದು. ಕೆತ್ತನೆ ಮಾಡುವವರಿಗೆ ಇನ್ನೊಂದು ಮಾತು ಹೇಳಬೇಕು. ಎಲ್ಲ ಕಡೆಯಿಂದ ಸಮವಾಗಿ ಬರುವ ಬೆಳಕಿನಲ್ಲಿ ಕೆತ್ತನೆಯ ಆಳ ಕಾಣುವುದೇ ಇಲ್ಲ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯಂಥ ಸೂಕ್ಷ್ಮ ಕೆಲಸಕ್ಕೆ ಒಂದೇ ಪಕ್ಕದಿಂದ ಬೀಳುವ ಬೆಳಕು ಬೇಕು. ಎಲೆಯ ಅಂಚು ಎಷ್ಟು ಇಳಿದಿದೆ ಎಂಬುದನ್ನು ಅದರ ನೆರಳೇ ತೋರಿಸಬೇಕು. ಆದ್ದರಿಂದ ಕೆತ್ತನೆಯ ಜಾಗದ ಮೇಲಿನ ಸಾಲಿಗೆ ಪ್ರತ್ಯೇಕ ಸ್ವಿಚ್ ಇಡಿಸಿ, ಬೇಕೆಂದಾಗ ಆರಿಸುವಂತಿರಲಿ. ಹಲಗೆಯ ನಯವನ್ನು ನೋಡುವುದಕ್ಕೂ ಇದೇ ದಾರಿ. ಮೇಲಿನ ದೀಪ ಆರಿಸಿ, ಟಾರ್ಚನ್ನು ಹಲಗೆಯ ಮೈಗೆ ಒರಗಿಸಿದಂತೆ ಹಿಡಿದರೆ, ಅಂಗೈಗೆ ನುಣ್ಣಗೆ ಹತ್ತಿದ ಜಾಗದಲ್ಲೂ ಕೀಸುಳಿಯ ಅಲೆಗಳು, ಎದ್ದ ನಾರು ಒಂದೊಂದಾಗಿ ಕಾಣುತ್ತವೆ.

ವೈರಿಂಗ್: ದೀಪ ಬೇರೆ, ಯಂತ್ರ ಬೇರೆ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ದೀಪದ ಲೈನ್‌ನಲ್ಲಿ ಯಂತ್ರ ಓಡಿಸಬಾರದು. ಒಂದು ಸಂಜೆ ಪರಿಚಿತರ ಕಾರ್ಯಾಗಾರದಲ್ಲಿ ನಾನು ಲೇಥ್ ಮೇಲೆ ಹಲಸಿನ ದಿಮ್ಮಿ ಕೊರೆಯುತ್ತಿದ್ದಾಗ ಇನ್ನೊಬ್ಬರು ಅದೇ ಲೈನ್‌ನಲ್ಲಿದ್ದ ಪ್ಲೇನರ್ ಚಾಲೂ ಮಾಡಿದರು. ಹೊರೆ ಹೆಚ್ಚಾದರೆ ತಾನಾಗಿ ಆರುವ ಸ್ವಿಚ್, ಅಂದರೆ ಎಂಸಿಬಿ, ಬಿದ್ದು ಕೋಣೆ ಪೂರ್ತಿ ಕತ್ತಲಾಯಿತು. ದಿಮ್ಮಿ ಮಾತ್ರ ತನ್ನ ಭಾರಕ್ಕೆ ತಿರುಗುತ್ತಲೇ ಇತ್ತು. ಕೈಯಲ್ಲಿ ಉಳಿ, ಎದುರಿಗೆ ಕಾಣದ ಮರದ ಗುಂಯ್‌ಗುಡುವ ಸದ್ದು. ಅದು ನಿಲ್ಲುವವರೆಗೆ ಅಲುಗಾಡದೆ ನಿಂತದ್ದು ಇಂದಿಗೂ ಮರೆತಿಲ್ಲ.

ದೀಪಗಳಿಗೆ 1.5 ಚದರ ಮಿಲಿಮೀಟರ್‌ನ ತಾಮ್ರದ ವೈರ್, 6 ಆಂಪಿಯರ್ ಎಂಸಿಬಿ. ಹನ್ನೆರಡು ದೀಪಗಳನ್ನು ಎರಡು ಲೈನ್‌ಗಳಿಗೆ ಒಂದು ಬಿಟ್ಟು ಒಂದರಂತೆ ಹಂಚಿದರೆ, ಒಂದು ಲೈನ್ ಹೋದರೂ ಅರ್ಧ ಬೆಳಕು ಉಳಿಯುತ್ತದೆ. ಯಂತ್ರಗಳ 16 ಆಂಪಿಯರ್ ಸಾಕೆಟ್‌ಗಳಿಗೆ 2.5 ಚದರ ಮಿಲಿಮೀಟರ್ ಇಲ್ಲವೇ ಅದಕ್ಕೂ ದಪ್ಪದ ವೈರ್ ಮತ್ತು ಬೇರೆಯದೇ ಎಂಸಿಬಿ. ದೀಪದ ಲೈನ್‌ಗಳಿಗೊಂದು, ಯಂತ್ರದ ಲೈನ್‌ಗಳಿಗೊಂದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್) ಹಾಕಿಸಿ. ಮಳೆಗಾಲದಲ್ಲಿ ಗೋಡೆ ತೇವ ಹೀರಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಜೋಡಿಸುವ ಅಭ್ಯಾಸ ನಮ್ಮಲ್ಲಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ. ಅದು ಬೀಳುತ್ತಿದೆ ಎಂದರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ. ಇಲಿ ಕಡಿದ ವೈರೋ, ನೀರು ಹೊಕ್ಕ ಜಂಕ್ಷನ್ ಬಾಕ್ಸೋ ಇರಬಹುದು, ಅದನ್ನು ಹುಡುಕಿಸಿ. ಈ ಕೆಲಸವನ್ನೆಲ್ಲ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು. ಯಂತ್ರಗಳ ಹೊರೆ ಹೆಚ್ಚುವುದಾದರೆ ವಿದ್ಯುತ್ ಕಂಪನಿ ಮೆಸ್ಕಾಂನಿಂದ ಹೆಚ್ಚುವರಿ ಲೋಡ್ ಮಂಜೂರು ಮಾಡಿಸಿಕೊಳ್ಳಬೇಕು.

ಇನ್ವರ್ಟರ್ ಇದ್ದರೆ ಎರಡು ಬ್ಯಾಟನ್‌ಗಳನ್ನು ಅದಕ್ಕೆ ಸೇರಿಸಿ, ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ತಾನಾಗಿ ಹೊತ್ತುವ ಬ್ಯಾಟರಿ ಬಲ್ಬ್ ಒಂದಿರಲಿ.

ಮಳೆ, ಸಿಡಿಲು, ಹುಳ, ಮಂಗ

ಹೆಂಚಿನ ಮಾಡಿನಡಿ ದೀಪ ಕಟ್ಟುವಾಗ ಮೊದಲ ಮಳೆಯ ಸೋರಿಕೆ ಎಲ್ಲಿ ಎಂಬುದನ್ನು ಮನೆಯವರಿಂದ ಕೇಳಿ ತಿಳಿಯಿರಿ. ಮಂಗಗಳು ಸರಿಸಿದ ಹೆಂಚಿನಡಿಯೇ ದೀಪದ ತುದಿ ಬಂದರೆ ಒಂದೇ ಮಳೆಗೆ ಅದು ಕೆಡುತ್ತದೆ. ಬೇಸಿಗೆ ಕೊನೆಗೆ ಹೆಂಚು ಕೈಯಾಡಿಸಿದ ಮೇಲೆಯೇ ದೀಪ ಏರಿಸಿ. ನೀರು, ಮರದ ಪುಡಿ ಎರಡನ್ನೂ ತಡೆಯುವ ಐಪಿ65 ಗುರುತಿನ ಬ್ಯಾಟನ್‌ಗೆ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಿ ಎನ್ನುತ್ತೇನೆ, ಏಕೆಂದರೆ ಮುಂಗಾರಿನ ಆರಂಭದಲ್ಲಿ ಏಳುವ ರೆಕ್ಕೆಗೆದ್ದಲುಗಳು ತೆರೆದ ದೀಪದೊಳಗೆ ತುಂಬಿಕೊಂಡು, ಅವನ್ನು ಹಿಡಿಯಲು ಹಲ್ಲಿಗಳೂ ಬರುತ್ತವೆ. ಮೇಲಿನಿಂದ ಬರುವ ವೈರ್ ದೀಪದೊಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ. ವೈರ್ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಎಲ್‌ಇಡಿ ಡ್ರೈವರ್‌ಗಳು ಬಹುಬೇಗ ಸುಡುತ್ತವೆ. ಮುಖ್ಯ ಬೋರ್ಡ್‌ನಲ್ಲಿ ಸರ್ಜ್ ರಕ್ಷಕ, ಸರಿಯಾದ ಅರ್ಥಿಂಗ್ ಎರಡೂ ಇರಬೇಕು. ವೋಲ್ಟೇಜ್ ಏರಿಳಿತ ತಾಳುವ ವ್ಯಾಪ್ತಿ ದೊಡ್ಡದಿರುವ ದೀಪಗಳನ್ನು ಪೆಟ್ಟಿಗೆಯ ಮೇಲಿನ ಅಂಕಿ ಓದಿ ಆರಿಸಿ.

ಎಲ್ಲ ಕಟ್ಟಿಸಿದ ಮೇಲೆ ದೀಪ ತೂಗುಹಾಕಿದ ಸರಪಳಿಯ ಉದ್ದವನ್ನು ಕೂಡಲೇ ಬಿಗಿ ಮಾಡಬೇಡಿ. ಜೋರು ಮಳೆಯ ಒಂದು ದಿನ ಕಿಟಕಿ ಮುಚ್ಚಿ, ಎಲ್ಲ ದೀಪ ಹಚ್ಚಿ, ಒಂದು ಬಿಳಿ ಕಾಗದ ಮತ್ತು ಪೆನ್ಸಿಲ್ ಹಿಡಿದು ಮೇಜಿನಿಂದ ಲೇಥ್‌ಗೆ, ಲೇಥ್‌ನಿಂದ ಡ್ರಿಲ್‌ಗೆ ಹೋಗಿ. ಪ್ರತಿ ಕಡೆಯೂ ನೀವು ಕೆಲಸಕ್ಕೆ ನಿಲ್ಲುವ ಜಾಗದಲ್ಲೇ ನಿಂತು ಕಾಗದದ ಮೇಲೆ ಒಂದು ಗೀರು ಎಳೆದು ನೋಡಿ. ಪೆನ್ಸಿಲಿನ ತುದಿ ಕೈನೆರಳಿನಲ್ಲಿ ಮರೆಯಾಗುವ ಕಡೆ ದೀಪವನ್ನು ಗೇಣುದ್ದ ಸರಿಸಿ, ಮತ್ತೊಮ್ಮೆ ಗೀರೆಳೆದು ನೋಡಿದ ಮೇಲೆ ಸರಪಳಿ ಬಿಗಿಯಿರಿ.