ಸಯಾಮ್–ಬರ್ಮಾ ಹಳಿಗೆ ಅಡಿಕೆ ದಬ್ಬೆಯ ಸೇತುವೆ: ನನ್ನ ಅನುಭವ

ಥಾಯ್ಲೆಂಡಿನ ಕ್ವೇ ನಾಯ್ ನದಿಯ ದಂಡೆಯಲ್ಲಿ ಬಂಡೆಗೆ ಅಂಟಿಕೊಂಡಂತೆ ಸಾಗುವ ವಾಂಗ್ ಫೋ ಮರದ ರೈಲು ಸೇತುವೆಯ ಪುಟ್ಟ ಮಾದರಿಯನ್ನು ಅಡಿಕೆ ದಬ್ಬೆಯಲ್ಲಿ, ಅಂದರೆ ಅಡಿಕೆ ಮರದ ಸೀಳಿನಲ್ಲಿ, ಕಟ್ಟುತ್ತೇನೆಂದಾಗ, ಮಾದರಿ ರೈಲು ಮಾಡುವ ಗೆಳೆಯರು ಬೇಡವೆಂದರು. ನಮ್ಮೂರಾದ ಸಾಗರದ ಮಳೆಗೆ ದಬ್ಬೆ ತಿರುಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಪಟ್ಟಿ ತರಿಸು ಎಂಬುದು ಅವರ ಮಾತಾಗಿತ್ತು. ಎರಡು ಮಳೆಗಾಲ ಕಳೆದರೂ ನನ್ನ 4 ಅಡಿಯ ಸೇತುವೆ ಕೂದಲೆಳೆಯಷ್ಟೂ ಬಾಗಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ.

ಬ್ರಾಡ್ ಗೇಜ್ ಆಗುವ ಮುನ್ನ ನಮ್ಮ ತಾಳಗುಪ್ಪದ ಹಳಿಯಿದ್ದಂತೆ ಆ ಸೇತುವೆಯಿರುವ ಸಯಾಮ್ (ಥಾಯ್ಲೆಂಡಿನ ಹಳೆಯ ಹೆಸರು)–ಬರ್ಮಾ ಮಾರ್ಗವೂ ಮೀಟರ್ ಗೇಜ್. 1942–43ರಲ್ಲಿ ಜಪಾನೀ ಸೇನೆ ಆ 415 ಕಿ.ಮೀ. ಮಾರ್ಗವನ್ನು ಯುದ್ಧಕೈದಿಗಳಿಂದಲೂ, ಮಲಯದ ರಬ್ಬರ್ ತೋಟಗಳ ತಮಿಳರೂ ಸೇರಿದಂತೆ ಏಷ್ಯಾದ ಕೂಲಿಗಳಿಂದಲೂ ಕಟ್ಟಿಸಿತು. 12,000ಕ್ಕೂ ಹೆಚ್ಚು ಕೈದಿಗಳು ಸತ್ತರು. ಸತ್ತ ಕೂಲಿಗಳ ಸಂಖ್ಯೆ ಅದರ ಹಲವು ಪಟ್ಟು, ಅವರಲ್ಲಿ ಬಹುಪಾಲಿನವರಿಗೆ ಹೆಸರಿರುವ ಗೋರಿಯೂ ಇಲ್ಲ. ಯುದ್ಧದ ನಂತರ ಗಡಿಯ ಹಳಿಗಳನ್ನು ಕಿತ್ತರು, 1980ರ ದಶಕದಲ್ಲಿ ಖಾವೊ ಲೇಮ್ ಅಣೆಕಟ್ಟಿನ ಹಿನ್ನೀರು ಮಾರ್ಗದ ಒಂದು ಭಾಗವನ್ನು ಮುಳುಗಿಸಿತು. ಶರಾವತಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ಮನೆತನದವನಾದ ನನಗೆ ಅದನ್ನು ಓದಿದ ಮೇಲೆ ಬೇರೆ ಯಾವ ಮಾರ್ಗವನ್ನೂ ಕಟ್ಟಲು ಮನಸ್ಸಾಗಲಿಲ್ಲ.

ಮೊದಲ ಸೇತುವೆಯನ್ನು ಜೂನ್‌ನಲ್ಲಿ ಹಸಿ ದಬ್ಬೆ ಸೀಳಿ, ಬಿಳಿ ಅಂಟು ಹಾಕಿ ನಿಲ್ಲಿಸಿದೆ; ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು, ಕಾಲುಗಳು ತಿರುಚಿ, ಹಳಿಯೂ ಸೇರಿ ಸುಮಾರು 6,000 ರೂಪಾಯಿ ಹಾಳಾಯಿತು. ಎರಡನೆಯದು ಬಿದಿರಿನದು. ಅದಕ್ಕೆ ಕುಟ್ಟೆ ಹುಳು ಬಿದ್ದು, ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಕಂಬದ ಬುಡದಲ್ಲೂ ಹಿಟ್ಟಿನ ಪುಟ್ಟ ಗುಡ್ಡೆ ಇರುತ್ತಿತ್ತು. ಅಲ್ಲಿಗೆ ಇನ್ನೊಂದು 4,000 ಹೋಯಿತು. ತೇಗದ ಪಟ್ಟಿಗೆ ಕೊಟ್ಟ 2,500 ಕೂಡ ದಂಡವೇ, ಏಕೆಂದರೆ 1:87ರ ಅಳತೆಯಲ್ಲಿ (ನಿಜದ 87ರಲ್ಲಿ ಒಂದು ಪಾಲು) ತೇಗದ ಗೆರೆಗಳು ತೀರಾ ದಪ್ಪ ಕಾಣುತ್ತವೆ.

ದಾರಿ ಸಿಕ್ಕಿದ್ದು ಕೊಟ್ಟಿಗೆಯ ಅಟ್ಟ ಬಿಚ್ಚಿಸಿದಾಗ. ಅಲ್ಲಿನ ದಬ್ಬೆಗೆ ಮೂವತ್ತು ವರ್ಷವಾದರೂ ಆಗಿದ್ದಿರಬೇಕು. ಹೊಗೆ ಕುಡಿದು ಕಬ್ಬಿಣದಂತಾಗಿತ್ತು. ಒಳಗಿನ ಮೆತ್ತನೆಯ ಭಾಗವನ್ನು ಪೂರ್ತಿ ಕೆರೆದು, ಹೊರಮೈಯ ಕಪ್ಪು ನಾರನ್ನಷ್ಟೇ ಉಳಿಸಿ, ಗರಗಸ ಮುಟ್ಟಿಸದೆ ಮೆಟ್ಟುಗತ್ತಿಯಲ್ಲೇ 3–4 ಮಿ.ಮೀ. ಕಡ್ಡಿಗಳಾಗಿ ಸೀಳಿದೆ. ನಾರಿನ ಗುಂಟ ಸೀಳಿದ ಕಡ್ಡಿ ತಿರುಚುವುದಿಲ್ಲ. ಹೊಸ ದಬ್ಬೆಯಾದರೆ ಬಚ್ಚಲೊಲೆಯ ಮೇಲೆ ಎಂಟೊಂಬತ್ತು ತಿಂಗಳು ಕಟ್ಟಿಡಬೇಕು; ಅದಕ್ಕಿಂತ ಬೇಗ ಇಳಿಸಿದ ಒಂದು ಕಂತೆ ನನಗೆ ಕೈಕೊಟ್ಟಿದೆ. ಪ್ರತಿ ಕೀಲಿಗೂ ಹಿತ್ತಾಳೆ ತಂತಿಯ ಮೊಳೆಯಿದೆ. ಅಂಟಿಗೆ ಬೆರೆಸುವ ಪುಡಿ ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಬಣ್ಣದ ಪ್ರಯೋಗಕ್ಕೂ ಕೈಹಾಕಿದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ವಾರವಿಡೀ ನೆನೆಸಿದಾಗ ಅದು ಮಸಿಯಂತೆ ಕಪ್ಪಾಯಿತು; ನಾಲ್ಕು ಪಾಲು ನೀರು ಸೇರಿಸಿ ಬಳಿದ ಮೇಲೆ, ಮಳೆ ಬಿಸಿಲು ಕಂಡ ಸ್ಲೀಪರ್‌ನ (ಹಳಿಯಡಿಯ ಅಡ್ಡ ಮರದ) ಬೂದುಗಪ್ಪು ಬಂತು. ಅಂಗಡಿಯ ಯಾವ ಬಣ್ಣದಲ್ಲೂ ನಾನು ಅದನ್ನು ಕಂಡಿಲ್ಲ.

ನಿಂತ ಸೇತುವೆಗೆ ತಗುಲಿದ್ದು 3,500ರ ಆಸುಪಾಸು, ಅದರಲ್ಲಿ ಹೆಚ್ಚಿನದು ಹಳಿಯ ಖರ್ಚು. ಈಗ ಎರಡನೆಯ ಹಲಗೆಯ ಮೇಲೆ ಥಾಯ್ಲೆಂಡ್–ಬರ್ಮಾ ನಡುವಿನ ತ್ರೀ ಪಗೋಡಾ ಕಣಿವೆಯ ಗಡಿಯನ್ನು ಕಟ್ಟುತ್ತಿದ್ದೇನೆ. ಅದಕ್ಕೆ ಹಳಿ ಹಾಕುವುದಿಲ್ಲ. ಜಂಬಿಟ್ಟಿಗೆಯ ಪುಡಿಯಲ್ಲಿ ಏರಿಯನ್ನಷ್ಟೇ ಎಬ್ಬಿಸಿ, ಸ್ಲೀಪರ್ ಕಿತ್ತ ಗುರುತುಗಳನ್ನು ಕಡ್ಡಿಯಿಂದ ಒಂದೊಂದಾಗಿ ಒತ್ತುತ್ತಿದ್ದೇನೆ.