ಬಿಸಿ ಮರಳಿನಲ್ಲಿ ಕಂದಿಸಿದ ಶಂಖ

‘ಮರ ಸುಟ್ಟು ಹಾಳು ಮಾಡಬೇಡ, ಬಣ್ಣ ಹಚ್ಚಿ ಕೊಟ್ಟುಬಿಡು’ ಎಂದಿದ್ದರು ಮೈಸೂರಿನ ಮಂಡಿ ಮೊಹಲ್ಲಾದ ಹಿರಿಯರು, ಮರದಲ್ಲಿ ಮರ ಕೂರಿಸುವ ಇನ್‌ಲೇ ಕೆಲಸದವರು. ಮೊನ್ನೆ ಅವರ ಕೈಗೇ ರಿಪೇರಿ ಮಾಡಿದ ಪೆಟ್ಟಿಗೆ ಕೊಟ್ಟು, ನಾನು ಹೊಸದಾಗಿ ಕೂರಿಸಿದ ತುಂಡು ಯಾವುದು ತೋರಿಸಿ ಎಂದೆ. ಇಬ್ಬರು ಹಳೆಯ ಎಸಳನ್ನೇ ತೋರಿಸಿದರು.

ಅದು ಇಂಗ್ಲೆಂಡಿನ ಚಹಾ ಪೆಟ್ಟಿಗೆ, ಮಹಾಗನಿ, 1790ರ ಆಸುಪಾಸಿನದು. 1784ರಲ್ಲಿ ಚಹಾ ಸುಂಕ ಶೇ 119ರಿಂದ 12.5ಕ್ಕೆ ಇಳಿದ ಮೇಲೂ ಜನ ಚಹಾಕ್ಕೆ ಬೀಗ ಹಾಕುತ್ತಿದ್ದರಲ್ಲ, ಆ ಬೀಗ ಇನ್ನೂ ತಿರುಗುತ್ತದೆ. ಒಳಗಿನ ಸೀಸ–ತವರದ ಹಾಳೆಗೆ ಉಪ್ಪುಕಾಗದ ತಾಗಿಸಲಿಲ್ಲ. ಮುಚ್ಚಳದ ಮೇಲೆ ಮರದ ತುಂಡು ಜೋಡಿಸಿ ಮಾಡಿದ ಶಂಖದಲ್ಲಿ ಐದು ಎಸಳು ಉದುರಿದ್ದವು. ಶಂಖ ಉಬ್ಬಿದಂತೆ ಕಾಣುವುದು ಬಣ್ಣದಿಂದಲ್ಲ, ಒಂದೊಂದು ತುಂಡಿನ ಅಂಚನ್ನೂ ಬಿಸಿ ಮರಳಿನಲ್ಲಿ ಕಂದಿಸಿರುವುದರಿಂದ.

ನಾನು ಹಾಲೆ ಮರ ಹಿಡಿದೆ, ಚನ್ನಪಟ್ಟಣದ ಗೊಂಬೆಯ ಮರ. ಅಂಗಡಿಯ ವೆನೀರ್, ಎಂದರೆ ತೆಳು ಮರದ ಹಾಳೆ, ಅರ್ಧ ಮಿಲಿಮೀಟರ್, ಹಳೆಯದು ಒಂದೂವರೆಯ ಹತ್ತಿರ. ನಾನೇ ಗರಗಸದಲ್ಲಿ ಸೀಳಿದೆ. ನಡುವೆ ಹಲಸನ್ನೂ ಸುಟ್ಟು ನೋಡಿದೆ. ಅದರ ಚೆಂದದ ಹಳದಿಯೆಲ್ಲ ಕೆಸರಾಯಿತು.

ಮೊದಲ ಸಲ ದಪ್ಪ ಮರಳು, ಮರದ ತುಂಬ ಚುಕ್ಕೆ. ಎರಡನೆಯ ಸಲ ಉರಿ ಹೆಚ್ಚಾಗಿ ಅಂಚು ಇದ್ದಿಲಾಯಿತು. ಮೂರನೆಯ ಸಲ ಬಣ್ಣ ಬಂತು, ಆದರೆ ತುಂಡು ಕುಗ್ಗಿ ಉಗುರು ತೂರುವಷ್ಟು ಸಂದು ಬಿತ್ತು. ಸುಮಾರು ನಲವತ್ತು ತುಂಡು ಒಲೆಗೆ ಹೋದವು.

ಆಮೇಲೆ ಮರಳನ್ನು ಹಿಟ್ಟಿನ ಜರಡಿಯಲ್ಲಿ ಸೋಸಿದೆ. ಕಬ್ಬಿಣದ ಬಾಣಲೆ, ಸಣ್ಣ ಉರಿ. ಅಂಚನ್ನಷ್ಟೇ ಹತ್ತು ಹನ್ನೆರಡು ಸೆಕೆಂಡು ಅದ್ದಿ ತೆಗೆದು, ನೋಡಿ, ಮತ್ತೆ ಅದ್ದುವುದು. ಬೇಕಾದುದಕ್ಕಿಂತ ತುಸು ಗಾಢವಾಗಿಯೇ ಕಂದಿಸಿ, ಹೆರೆಯುವಾಗ ಮೇಲ್ಪದರ ಹೋಗುತ್ತದೆ. ಕಂದಿಸಿದ ತುಂಡಿಗೆ ಒದ್ದೆ ಬಟ್ಟೆ ಒತ್ತಿ, ರಾತ್ರಿಯಿಡೀ ಭಾರದಡಿ ಇಟ್ಟು, ಬೆಳಿಗ್ಗೆಯೇ ಅಳತೆಗೆ ಅರ ಹಾಕಬೇಕು. ಮರಳಿಗೆ ಹಾಕುವ ಮುಂಚೆ ತುಂಡನ್ನು ಒಂದರಲ್ಲಿ ನೆನೆಸುತ್ತೇನೆ; ಅದು ನನ್ನಲ್ಲೇ ಇರಲಿ.

ಅಂಟಿಗೆ ಸರೇಸು ಮಾತ್ರ, ಪ್ರಾಣಿಯ ಚರ್ಮ–ಮೂಳೆ ಬೇಯಿಸಿದ ಅಂಟು. ಹಿಂದೆ ಯಾರೋ ಬಿಳಿ ಗೋಂದು ಸುರಿದಿದ್ದರು, ಕೆರೆದು ತೆಗೆಯಲು ಎರಡು ದಿನ ಹಿಡಿಯಿತು. ಸರೇಸಾಗಿದ್ದರೆ ಬಿಸಿ ಒದ್ದೆ ಬಟ್ಟೆಗೇ ಬಿಡುತ್ತಿತ್ತು. ಮುಂದೆ ರಿಪೇರಿ ಮಾಡುವವನ ಮೇಲೂ ನಮಗೆ ಕರುಣೆ ಬೇಕು.

ಒಪ್ಪಿಕೊಂಡದ್ದು ಒಂಬತ್ತು ಸಾವಿರಕ್ಕೆ. ಸಾಮಾನಿಗೆ ಎರಡೂವರೆ ಸಾವಿರ ಹೋಯಿತು, ಮೂರು ವಾರ ಬೇರೆ ಕೆಲಸ ನಿಂತಿತು. ಪೆಟ್ಟಿಗೆ ನೋಡಿದ ಮಾಲೀಕರು ಕೇಳದೆಯೇ ಇನ್ನೂ ನಾಲ್ಕು ಸಾವಿರ ಕೊಟ್ಟರು. ಈಗ ಬೀಟೆ ಹಲಗೆಯ ಮೇಲೆ ಹಾಲೆ ಮರದ ಆನೆ ಕೂರಿಸುತ್ತಿದ್ದೇನೆ. ಹೊಟ್ಟೆಯಡಿಯ ನೆರಳು ಚೆನ್ನಾಗಿ ಬಂದಿದೆ, ಸೊಂಡಿಲಿನ ಮಡಿಕೆಯೊಂದು ಬಾಕಿ.